ಚಕ್ರಕ್ಕೆ ತುಂಬಿದ ಗಾಳಿ

ಶ್ರೀ ಹಾಲ್‌ಬರ್ಗ್ ಅವರಿಗೆ,

ನೀವು ನಮ್ಮ ಈ ಚಕ್ರದ ಮನೆಗಳ ಪಾರ್ಕಿನ ಜಾಗ ಕೊಂಡಾಗಿನಿಂದ ನೀರಿನ ಪೈಪು ಸೋರುತ್ತಿದೆ. ಹೇಳಿ ಹೇಳಿ ನಾಲಿಗೆ ಸವೆಯಿತು. ನಿನ್ನೆ ಮಾತ್ರ ನಿಮ್ಮ ಆಳು ಕರೆಯದೆಯೇ ಬಂದು, ನಮ್ಮ ಸಾಲಿನ ಮನೆಗಳ ಅಡಿ ತೂರಿ, ವರ್ಷಾನುಗಟ್ಟಲೆ ಉರುಳದ ಚಕ್ರಗಳಿಗೆಲ್ಲ ಗಾಳಿ ತುಂಬಿದ.

"ಪುಕ್ಕಟೆ ಕಣಮ್ಮ, ಸಾಹೇಬ್ರ ಉಡುಗೊರೆ" ಅಂದನಂತೆ. ಪಕ್ಕದ ಮನೆಯ ಮುದುಕಿ ಅರ್ಲೀನ್ ಅವನಿಗೆ ನಿಂಬೆ ಕೇಕು ತಿನ್ನಿಸಿದಳು.

"ಎಷ್ಟು ಒಳ್ಳೆ ಮನುಷ್ಯ ಕಣೇ!" ಅಂದಳು ನನಗೆ.

"ಹೌದೇ ತಾಯಿ, ನಿನ್ನ ಮನೆ ಎಳ್ಕೊಂಡು ಹೋಗೋಕೆ ಬಂದಾಗ ಇನ್ನೊಂದು ತುಂಡು ಕೊಡು" ಅಂದೆ. ಪಾಪ, ಉಳಿದ ಕೇಕು ಒಳಗಿಟ್ಟು ಬಂದಳು.

ನಾನು ಹಳೆ ಕಾರು ಮಾರಿ ಬದುಕಿದವಳು. ನಿಲ್ಲಿಸಿಡುವ ಗಾಡಿಗೆ ಯಾರೂ ಗಾಳಿ ತುಂಬುವುದಿಲ್ಲ. ಜಾಗ ನಿಮ್ಮದು, ಒಪ್ಪಿದೆ. ಅದರ ಮೇಲೆ ನಿಂತ ಮನೆಗಳು ನಮ್ಮವು. ಈ ವಯಸ್ಸಿನ ಮನೆಗಳನ್ನು ಎಳೆದರೆ ಗೇಟು ದಾಟುವ ಮೊದಲೇ ಮುರಿದು ಎರಡಾಗುತ್ತವೆ. ನಮಗೆ ಬೇರೆ ಸೂರಿಲ್ಲ.

ಆದ್ದರಿಂದ ಸೊಂಟ ಹಿಡಿದುಕೊಂಡೇ ಎಲ್ಲರೂ ಸೇರಿ ಚಕ್ರಗಳನ್ನು ಬಿಚ್ಚಿದೆವು. ಮನೆಗಳು ಇಟ್ಟಿಗೆಯ ಮೇಲೆ ಗಟ್ಟಿಯಾಗಿ ಕೂತಿವೆ. ಚಕ್ರಗಳು ನಿಮ್ಮ ಆಫೀಸಿನ ಬಾಗಿಲಲ್ಲಿವೆ, ದಯವಿಟ್ಟು ಜೋಪಾನ ಮಾಡಿ, ಅವು ನಮ್ಮವು. ಒಳಗಿನ ಗಾಳಿ ಮಾತ್ರ ನಿಮ್ಮದು. ಒಂದಿಷ್ಟೂ ಕಡಿಮೆಯಾಗಿಲ್ಲ, ನೋಡಿ ತೆಗೆದುಕೊಳ್ಳಿ.

ಇಲ್ಲೇ ಇರುವ,
ವಿಲ್ಮಾ ಟ್ರಾಸ್ಕ್
ಹನ್ನೆರಡನೆಯ ಮನೆ, ಅರಿಜೋನಾ