ಮೂರು ಹಣ್ಣಿನ ಪೆನ್ನಿ

ಗುರುವಾರ
ಮಧ್ಯಾಹ್ನ, ಊಟದ ಬಿಡುವು

ಮೂರು ಹಣ್ಣಿನ ಮಹಾರಾಯರಿಗೆ,

ಹರಿದು ಹಾಕಬೇಡಿ. ಹರಿಯಲೇಬೇಕೆಂದಿದ್ದರೆ ಪೂರ್ತಿ ಓದಿ ಹರಿಯಿರಿ. ಛಾಪಖಾನೆಯಲ್ಲಿ ಇಪ್ಪತ್ತು ವರ್ಷ ಕರಡು ತಿದ್ದಿದ ಮನುಷ್ಯರು ನೀವು, ಅರ್ಧ ಓದಿ ಕೈಬಿಟ್ಟರೆ ನಿಮ್ಮ ಕಸುಬಿಗೇ ಅವಮಾನ. ಲಕೋಟೆಯೊಳಗೆ ಗುಲಾಬಿ ಮೇಣದ ಒಂದು ಸಣ್ಣ ಉಂಡೆ ಇದೆ. ಹಲ್ಲುಸೆಟ್ಟಿನ ಮೇಣ, ಇವಳ ಕೈಯಿಂದ ಹೇಗೋ ಒಳಗೆ ಬಿದ್ದಿರಬೇಕು ಅಂದುಕೊಂಡು ಕಸದ ಬುಟ್ಟಿಗೆ ಎಸೆಯಬೇಡಿ. ಈಗಲೇ ಬಿಚ್ಚಲೂ ಬೇಡಿ. ಮೇಜಿನ ಮೇಲೆ ಒಂದು ಪಕ್ಕಕ್ಕೆ ಇಟ್ಟುಕೊಂಡು ಓದಿ.

ಹತ್ತು ದಿನದಿಂದ ಫೋನು ಮಾಡಿ ಮಾಡಿ ನನ್ನ ಬೆರಳು ಸವೆಯಿತು. ಒಂದೇ ಒಂದು ಸಲ ಎತ್ತಿದಿರಿ, ಮೇಷ್ಟ್ರ ವಕಾಲತ್ತು ವಹಿಸೋದಾದ್ರೆ ಬೇಡ ಅಂದು ಇಟ್ಟುಬಿಟ್ಟಿರಿ. ಅದಕ್ಕೇ ನಿಮ್ಮ ಅಕ್ಕನ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ. ನೀವು ಓದಿ ಮುಗಿಸುವ ತನಕ ಬಾಗಿಲಲ್ಲೇ ಕೂತಿರುತ್ತೇನೆ ಅಂತ ಅವರು ಮಾತು ಕೊಟ್ಟಿದ್ದಾರೆ. ಅವರ ಹಟ ನಿಮಗೆ ಗೊತ್ತೇ ಇದೆ.

ಬರುವ ಭಾನುವಾರದ ಸುದ್ದಿ ನನಗೆ ತಿಳಿಸಿದವರೂ ಅವರೇ. ಗ್ರಂಥಾಲಯದ ಮಹಡಿಯಲ್ಲಿ, ಹಳೆಯ ನಾಣ್ಯ ಕೂಡಿಡುವ ನಿಮ್ಮ ಪೆನ್ನಿ ಬಳಗದವರೆಲ್ಲ ಸೇರುತ್ತೀರಂತೆ. ನಿಮ್ಮ ಮೂರು ಹಣ್ಣಿನ ಪೆನ್ನಿಯನ್ನು ಮೇಷ್ಟ್ರು ಒಂದು ವಾರ ನೋಡಲು ಒಯ್ದಾಗ ಹೊಟ್ಟೆಕಿಚ್ಚಿಗೆ ಅದನ್ನು ಉಜ್ಜಿ ಕೆಡಿಸಿದರು ಅಂತ ಅಧ್ಯಕ್ಷರಾದ ನೀವೇ ಎದ್ದು ಹೇಳುತ್ತೀರಂತೆ. ಬಳಗದಿಂದ ಅವರ ಹೆಸರು ಹೊಡೆದು ಹಾಕುತ್ತೀರಂತೆ, ಗೋಡೆಯ ಮೇಲಿನ ಅವರ ಫೋಟೋ ಇಳಿಸುತ್ತೀರಂತೆ. ಎಪ್ಪತ್ತೆಂಟು ವರ್ಷದ ಮುದುಕರು. ಆ ಬಳಗ ಕಟ್ಟಿದವರೇ ಅವರು. ಅಲ್ಲ ರೀ, ಬುದ್ಧಿಯನ್ನು ಪೂರಾ ಕೋಪದ ಕೈಗೆ ಕೊಟ್ಟು ಕೂತಿದ್ದೀರಾ?

ದಯವಿಟ್ಟು ಸಭೆ ಮುಂದಕ್ಕೆ ಹಾಕಿ. ಮೇಷ್ಟ್ರಿಗೆ ಮೈ ಸರಿ ಇಲ್ಲ, ಮಹಡಿ ಹತ್ತಲಾರರು. ಉಜ್ಜಿದ ಗುರುತು ತೋರಿಸಿದ ಆ ಹೊಸ ಸೂಕ್ಷ್ಮದರ್ಶಕವನ್ನು ಇನ್ನೊಬ್ಬರು ಬಂದು ಪರೀಕ್ಷಿಸಲಿ, ಗಾಜಿನದೇ ದೋಷ ಇರಬಹುದು. ತಿಂಗಳ ಕೊನೆಗೆ ಇಟ್ಟುಕೊಂಡರೆ ಹೊರಗಿನ ಸದಸ್ಯರೂ ಬರುತ್ತಾರೆ.

ಇಲ್ಲ. ಹೀಗೆ ಬರೆದರೆ ಆಗುವುದಿಲ್ಲ. ಮೇಲಿನ ಮೂರು ಮಾತೂ ನೆಪ. ಹೊಡೆದು ಹಾಕಿ ಬೇರೆ ಹಾಳೆಯಲ್ಲಿ ಬರೆಯೋಣ ಅಂದುಕೊಂಡೆ. ಆದರೆ ಹಾಗೆ ಹೊಡೆದು ಹಾಕಿದ ಹಾಳೆಗಳು ಆಗಲೇ ಆರು ಆಗಿವೆ, ಬಿಡುವು ಮುಗಿಯಲು ಮುಕ್ಕಾಲು ಗಂಟೆಯಷ್ಟೇ ಇದೆ.

ಮೇಷ್ಟ್ರ ಊಟದ ಮೇಜು ನೆನಪಿದೆಯೇ? ನಮ್ಮಿಬ್ಬರನ್ನೂ ಎದುರುಬದುರು ಕೂರಿಸಿ, ಹಳೆಯ ಬ್ರಿಟಿಷ್ ಪೆನ್ನಿಗಳನ್ನು ಎರಡು ಬೊಗಸೆ ಸುರಿದು, ಮೊದಲು ಸಮುದ್ರ ನೋಡಿ ಅನ್ನುತ್ತಿದ್ದರು. ಸಾವಿರದ ಒಂಬೈನೂರ ಎರಡರ ಪೆನ್ನಿಗಳಲ್ಲಿ ಕೆಲವಕ್ಕೆ ಮಾತ್ರ, ನಾಣ್ಯದ ಮೇಲೆ ಕೂತಿರುವ ಹೆಂಗಸಿನ ಹಿಂದೆ ಸಮುದ್ರದ ಗೆರೆ ಒಂದು ಕೂದಲೆಳೆಯಷ್ಟು ಕೆಳಗಿರುತ್ತದೆ. ಹತ್ತರಲ್ಲಿ ಅದೊಂದನ್ನು ನಾನು ನಿಮಗಿಂತ ಮೊದಲು ಎತ್ತಿದೆ. ನಿಮ್ಮ ಮುಖ ಸುಟ್ಟ ಬದನೆಕಾಯಿ ಆಯಿತು. ಹಲ್ಲು ಮಾಡೋ ಹುಡುಗಿಗೆ ಕಣ್ಣು ಚುರುಕು, ಅಕ್ಷರ ತಿದ್ದೋ ಹುಡುಗನಿಗೆ ತಾಳ್ಮೆ ಜಾಸ್ತಿ, ಇಬ್ಬರೂ ಸೇರಿದ್ರೆ ಒಂದು ಪೂರ್ತಿ ಮನುಷ್ಯ ಆಗುತ್ತೆ ಅಂತ ಮೇಷ್ಟ್ರು ನಗಾಡಿದರು. ನಮ್ಮ ಮದುವೆ ಮಾತು ಅಲ್ಲೇ ಶುರುವಾದದ್ದು. ಅವರನ್ನು ನೀವು ಕೇಡಿಗ ಅನ್ನುತ್ತೀರಿ.

ಈಗ ಆರು ವರ್ಷ ಹಿಂದಕ್ಕೆ ಹೋಗಬೇಕು. ಆ ವರ್ಷ ಪಠ್ಯಪುಸ್ತಕದ ಒಂದು ತಪ್ಪು ನಿಮ್ಮ ಕಣ್ಣು ತಪ್ಪಿಸಿ ಅಚ್ಚಾಯಿತು. ಛಾಪಖಾನೆಯವರು ನಿಮ್ಮನ್ನು ಕರಡಿನ ಮೇಜಿನಿಂದ ಎಬ್ಬಿಸಿ ಗೋದಾಮಿನಲ್ಲಿ ಕಟ್ಟು ಎಣಿಸಲು ಹಾಕಿದರು. ಎರಡು ವರ್ಷ ನೀವು ಮನೆಯಲ್ಲಿ ನಗಲಿಲ್ಲ. ತಟ್ಟೆಯಲ್ಲಿ ಬಡಿಸಿದ್ದನ್ನು ತಿಂದು ಏಳುತ್ತಿದ್ದಿರಿ, ಏನು ತಿಂದಿರಿ ಅಂತ ಕೇಳಿದರೆ ಹೇಳಲು ಬರುತ್ತಿರಲಿಲ್ಲ. ಪೆನ್ನಿಗಳೊಂದೇ ನಿಮ್ಮ ಉಸಿರಾಗಿತ್ತು. ಹಾಗಿರುವಾಗ ಆ ತುಕ್ಕು ಹಿಡಿದ ಬಿಸ್ಕತ್ತಿನ ಡಬ್ಬಿಯ ತುಂಬ ಹಳೆಯ ಪೆನ್ನಿ ತಂದಿರಿ. ಅವನ್ನು ಜಾತಿವಾರು ಬೇರ್ಪಡಿಸುವುದು ನನ್ನ ಪಾಲಿಗೆ ಬಂತು. ಅಂಚಿನಲ್ಲಿ ಮಣಿ ಸಾಲೋ ಹಲ್ಲಿನ ಸಾಲೋ, ರಾಣಿಯ ತಲೆಯ ಎಲೆಮಾಲೆಯಲ್ಲಿ ಎಲೆ ಎಷ್ಟು, ಹಣ್ಣು ಎಷ್ಟು, ಎಲ್ಲ ಎಣಿಸಿ ಕಾಗದದ ಕವರಿನ ಮೇಲೆ ಬರೆಯಬೇಕು.

ಸಾವಿರದ ಎಂಟುನೂರ ಅರವತ್ತೊಂದರ ಒಂದು ಪೆನ್ನಿಯ ಎಲೆಮಾಲೆಯ ಮೇಲೆ ಹಸಿರು ಕಿಲುಬು ಗಟ್ಟಿಯಾಗಿ ಕೂತಿತ್ತು. ಹದಿನೈದು ಎಲೆ ಸಿಕ್ಕಿತು, ಮೂರು ಹಣ್ಣು ಸಿಕ್ಕಿತು, ಹದಿನೈದು ಎಲೆಯವಕ್ಕೆಲ್ಲ ಇರುವ ನಾಲ್ಕನೆಯದು ಕಿಲುಬಿನಡಿ ಇದೆಯೋ ಇಲ್ಲವೋ ಕಾಣುತ್ತಿಲ್ಲ. ನಾಣ್ಯ ತೊಳೆಯಬೇಡ, ಉಜ್ಜಬೇಡ, ಉಸಿರು ಕೂಡ ತಾಗಿಸಬೇಡ ಅಂತ ನೀವು ದಿನಕ್ಕೆ ನಾಲ್ಕು ಸಲ ಹೇಳುತ್ತಿದ್ದಿರಿ. ಉಜ್ಜಲಿಲ್ಲ ರೀ. ಎಣಿಸಬೇಕಲ್ಲ ಅಂತ, ಕೆಲಸದ ಚೀಲದಿಂದ ಹಲ್ಲುಸೆಟ್ಟು ಕೆರೆಯುವ ಕೊಕ್ಕೆಸೂಜಿ ತೆಗೆದು, ಅಂಚಿನಿಂದ ಒಂದೇ ಒಂದು ಸಲ ಮೀಟಿದೆ. ಕಿಲುಬು ಎದ್ದಿತು. ಜೊತೆಗೆ ಹಣ್ಣೂ ಎದ್ದು ಬಂತು. ಒಳಗೆಲ್ಲ ಕಂಚನ್ನು ಕಿಲುಬು ತಿಂದು ಹಾಕಿತ್ತು. ನಾಲ್ಕನೆಯದು ಇದೆಯೋ ಇಲ್ಲವೋ ನೋಡಲು ಹೋಗಿ, ಇದ್ದದ್ದನ್ನು ಇಲ್ಲದಂತೆ ಮಾಡಿದೆ.

ಹೌದು. ನಿಮ್ಮ ಮೂರು ಹಣ್ಣಿನ ಪೆನ್ನಿ ನನ್ನ ಕೈಯಿಂದ ಹುಟ್ಟಿದ್ದು. ಪ್ರಪಂಚದಲ್ಲಿ ಅಂಥ ಜಾತಿಯೇ ಇಲ್ಲ.

ಬರೆದುಬಿಟ್ಟೆ.

ಸಂಜೆ ನೀವು ಬಂದಾಗ ಹೇಳೋಣ ಅಂತಲೇ ಇದ್ದೆ, ಬೈಸಿಕೊಳ್ಳಲು ಸಿದ್ಧಳಾಗಿ ಕೂತಿದ್ದೆ. ನೀವು ಕೈಕಾಲು ತೊಳೆದು ಬಂದು ಕವರುಗಳನ್ನು ಒಂದೊಂದಾಗಿ ತೆರೆದಿರಿ. ಅದು ಬಂದಾಗ ಲೆನ್ಸು ಹಿಡಿದಿರಿ, ಬಿಟ್ಟಿರಿ, ಮತ್ತೆ ಹಿಡಿದಿರಿ. ಮೂರೇ ಕಣೇ, ಮೂರೇ ಇರೋದು ಅಂತ ಕೂಗಿದಿರಿ. ಎರಡು ವರ್ಷದ ಮೇಲೆ ನಕ್ಕಿರಿ. ನನ್ನನ್ನು ಎತ್ತಿ ಒಂದು ಸುತ್ತು ತಿರುಗಿಸಿದಿರಿ, ನನ್ನ ಕಾಲು ತಾಗಿ ಕುರ್ಚಿ ಉರುಳಿತು. ಆ ದಿನ ಎರಡು ಸಲ ಬಡಿಸಿಕೊಂಡು ಉಂಡಿರಿ. ಬಾಯಲ್ಲಿ ಬಿಸಿ ತುಪ್ಪ, ನುಂಗಲೂ ಆಗಲಿಲ್ಲ ಉಗುಳಲೂ ಆಗಲಿಲ್ಲ. ನಾಳೆ ಹೇಳುತ್ತೇನೆ ಅಂದುಕೊಂಡೆ. ಆ ನಾಳೆಗೆ ನಾಲ್ಕು ವರ್ಷ ಆಯಿತು.

ಮರುದಿನವೇ ನೀವು ಮೇಷ್ಟ್ರಿಗೆ ತೋರಿಸಿದಿರಿ. ವಾರದಲ್ಲಿ ಬಳಗಕ್ಕೆಲ್ಲ ಗೊತ್ತಾಯಿತು. ಲೇಖನ ಬಂತು, ಅಧ್ಯಕ್ಷಗಿರಿ ಬಂತು, ದೂರದೂರದವರು ಪತ್ರ ಬರೆದರು. ಬೀದಿಯಲ್ಲಿ ನಿಮ್ಮ ಬೆನ್ನು ನೆಟ್ಟಗಾಯಿತು. ಅದನ್ನು ಹೇಗೆ ಬಗ್ಗಿಸಲಿ? ಎಂಟು ತಿಂಗಳ ಕೆಳಗೆ ಪುಸ್ತಕ ತರುತ್ತೇನೆ, ಮುಖಪುಟಕ್ಕೆ ಆ ಪೆನ್ನಿಯ ಚಿತ್ರ ನೀನೇ ಬಿಡಿಸು ಅಂದಿರಿ. ಎಲೆಗಳನ್ನೆಲ್ಲ ಬಿಡಿಸಿದೆ. ಹಣ್ಣಿಲ್ಲದ ಜಾಗಕ್ಕೆ ಬಂದಾಗ ಪೆನ್ಸಿಲು ಓಡಲಿಲ್ಲ. ಬಿಡಿಸಲ್ಲ ಅಂದೆ. ಯಾಕೆ ಅಂದಿರಿ. ಬಿಡಿಸಲ್ಲ ಅಷ್ಟೆ ಅಂದೆ. ನನ್ನ ಏಳಿಗೆ ಕಂಡರೆ ನಿನಗೆ ಸಂಕಟ ಅಂದಿರಿ. ಆ ಮಾತಿಗೆ ನಾನು ಚೀಲ ಕಟ್ಟಿಕೊಂಡು ಅಣ್ಣನ ಮನೆಗೆ ಬಂದೆ ಅಂತ ಎಲ್ಲರೂ ತಿಳಿದಿದ್ದಾರೆ, ನೀವೂ ಹಾಗೇ ತಿಳಿದಿದ್ದೀರಿ. ಅದಲ್ಲ. ಆ ಮಾತನ್ನು ಹೇಗೋ ನುಂಗಿಕೊಳ್ಳಬಹುದಿತ್ತು. ದಿನವೂ ನಿಮ್ಮ ಸಂತೋಷದ ಎದುರು ಕೂತು ಉಣ್ಣುವುದು ನನ್ನಿಂದ ಆಗಲಿಲ್ಲ.

ಮೂರು ಹಣ್ಣಿನದು ಇರಲಾರದು ಅಂತ ಮೇಷ್ಟ್ರು ಮೊದಲಿನಿಂದಲೂ ತಲೆಯಾಡಿಸುತ್ತಿದ್ದರು ನಿಜ. ಎರಡು ತಿಂಗಳ ಕೆಳಗೆ ಅದನ್ನು ಒಯ್ದು ವಿವರ ಬರೆದುಕೊಂಡು ವಾಪಸು ಕೊಟ್ಟದ್ದೂ ನಿಜ. ಆಮೇಲೆ ಬಳಗಕ್ಕೆ ಹೊಸ ಸೂಕ್ಷ್ಮದರ್ಶಕ ಬಂತು, ಹಣ್ಣಿಲ್ಲದ ಜಾಗದಲ್ಲಿ ಗುಂಡಗೆ ಉಜ್ಜಿದ ಗುರುತು ಕಂಡಿತು. ನನ್ನ ಪೆನ್ನಿ ಸುಳ್ಳು ಅನ್ನಿಸಲೆಂದೇ ಅವರು ಉಜ್ಜಿದ್ದಾರೆ ಅಂತ ನೀವು ತೀರ್ಮಾನಿಸಿಬಿಟ್ಟಿರಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ಕಳೆದ ಭಾನುವಾರ ಮೇಷ್ಟ್ರ ಮನೆಗೆ ಹೋಗಿದ್ದೆ. ಪೆನ್ನಿಯ ಹಲಗೆಗಳ ಮೇಲೆಲ್ಲ ಹಳೆ ಪಂಚೆ ಹೊದೆಸಿದ್ದಾರೆ. ಲೆನ್ಸು ಕಿಟಕಿಯ ಮೇಲೆ ಧೂಳು ಹಿಡಿದು ಬಿದ್ದಿದೆ. ನಾನು ಮಾಡಿಕೊಟ್ಟ ಹಲ್ಲುಸೆಟ್ಟು ನೀರಿನ ಲೋಟದಲ್ಲಿ ಮುಳುಗಿತ್ತು. ಯಾಕೆ ಹಾಕಿಕೊಂಡಿಲ್ಲ ಮೇಷ್ಟ್ರೇ ಅಂದರೆ, ಅಗಿಯೋಕೆ ಏನಿದೆ ತಾಯಿ, ಮಾತಾಡೋಕೆ ತಾನೇ ಯಾರಿದ್ದಾರೆ ಅಂದರು. ನಾನು ಅವರ ಕಾಲು ಹಿಡಿದು ಎಲ್ಲ ಹೇಳಿದೆ. ಅವರು ಬೈಯಲೇ ಇಲ್ಲ. ನೀವು ತೋರಿಸಿದ ಮೊದಲ ದಿನವೇ ಅವರಿಗೆ ಗೊತ್ತಾಗಿತ್ತಂತೆ. ಹೇಗೆ ಗೊತ್ತಾಯಿತು ಅಂತಲೂ ಹೇಳಿದರು, ಅದನ್ನು ಇಲ್ಲಿ ಬರೆಯಲು ಕೈ ಬರುತ್ತಿಲ್ಲ. ಹಾಗಾದರೆ ಇಷ್ಟು ದಿನ ಯಾಕೆ ಸುಮ್ಮನಿದ್ದಿರಿ ಅಂತ ಅತ್ತೆ. ನಿನ್ನ ಗಂಡ ನಗ್ತಾ ಇದ್ದ, ಕೆಡಿಸೋಕೆ ನಾನ್ಯಾರು ಅಂದರು. ಸಭೆಯಲ್ಲಿ ನೀವೇ ಹೇಳಿಬಿಡಿ ಅಂದೆ. ನಾನು ಹೇಳಲ್ಲ, ಹೇಳ್ಬೇಕಾದವಳು ನೀನು, ನೀನು ಹೇಳದೇ ಹೋದ್ರೆ ಕೇಡಿಗ ಅನ್ನಿಸಿಕೊಂಡೇ ಹೋಗ್ತೀನಿ, ಈ ವಯಸ್ಸಲ್ಲಿ ಒಳ್ಳೆಯವನು ಅನ್ನಿಸಿಕೊಂಡು ಮಾಡೋದಾದ್ರೂ ಏನಿದೆ ಅಂದರು. ಬಾಗಿಲ ತನಕ ಬಂದು, ಚಪ್ಪಲಿ ಜೋಪಾನ, ಮೆಟ್ಟಿಲು ಒದ್ದೆ ಇದೆ ಅಂತ ಎಚ್ಚರಿಸಿ ಕಳಿಸಿದರು. ಬಸ್ಸಿನಲ್ಲಿ ನಾನು ಬಾಯಿಗೆ ಸೆರಗು ತುರುಕಿಕೊಂಡು ಅತ್ತೆ.

ರೀ, ನಿಮ್ಮ ಕಾಲಿಗೆ ಬೀಳುತ್ತೇನೆ. ಭಾನುವಾರ ಆ ಮಾತು ನಿಮ್ಮ ಬಾಯಿಂದ ಬರಬಾರದು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಆಡಬೇಕಾದ್ದನ್ನು ಆಡದೆ ಇದ್ದರೂ ಹೋಗುತ್ತದೆ ಅಂತ ನನಗೆ ಈಗ ಗೊತ್ತಾಗಿದೆ. ನೀವೇ ಎದ್ದು, ಪೆನ್ನಿ ಕೆಟ್ಟಿದ್ದು ನನ್ನ ಮನೆಯಲ್ಲಿ, ನನ್ನ ಹೆಂಡತಿಯ ಕೈಯಲ್ಲಿ ಅಂತ ಹೇಳಿ. ನನ್ನ ಮೇಲೆ ಎಷ್ಟು ಬೇಕಾದರೂ ಹಾಕಿ. ನೀವು ಹೇಳದಿದ್ದರೆ ಬೆಳಿಗ್ಗೆ ಹತ್ತಕ್ಕೆ ನಾನೇ ಆ ಮಹಡಿ ಹತ್ತುತ್ತೇನೆ, ಎಲ್ಲರ ಎದುರು ಹೇಳುತ್ತೇನೆ. ಆಗ ನಿಮ್ಮ ಬೆನ್ನು ಮತ್ತೆ ಬಗ್ಗುತ್ತದೆ, ಬಗ್ಗಿಸಿದವಳು ನಾನೇ ಆಗುತ್ತೇನೆ. ಅದನ್ನು ನೋಡುವ ಶಕ್ತಿ ನನಗಿಲ್ಲ. ಆದರೂ ಹತ್ತುತ್ತೇನೆ. ಆಮೇಲೆ ನೀವು ನನ್ನನ್ನು ಮನೆಯ ಹೊಸ್ತಿಲು ತುಳಿಯಲು ಬಿಡುವುದಿಲ್ಲ ಅಂತ ಗೊತ್ತು. ಬಿಡಿ ಅಂತ ಕೇಳುವ ಮುಖವೂ ನನಗಿಲ್ಲ. ಆದರೆ ಕೇಳುತ್ತಿದ್ದೇನೆ. ನಾಚಿಕೆ ಬಿಟ್ಟು ಕೇಳುತ್ತಿದ್ದೇನೆ.

ಬಿಡುವು ಮುಗಿಯಿತು. ಯಾರದೋ ಕೆಳದವಡೆಯ ಅಚ್ಚು ಒಣಗಿ ಕಾಯುತ್ತಿದೆ. ನಿಮ್ಮ ಅಕ್ಕನಿಗೆ ಬಾಗಿಲಲ್ಲಿ ಒಂದು ಕುರ್ಚಿಯನ್ನಾದರೂ ಹಾಕಿ, ಮಂಡಿನೋವು ಅವರಿಗೆ.

ನಾಲ್ಕು ವರ್ಷ ಒಂದೇ ಒಂದು ಮಾತನ್ನು ಬಚ್ಚಿಟ್ಟುಕೊಂಡಿದ್ದ,
ನಿಮ್ಮ ಬಾಯಿಬಡಕಿ

ಮರೆತ ಮಾತು: ಮರೆತದ್ದಲ್ಲ. ಕೊನೆಗೂ ಬಚ್ಚಿಡಲು ನೋಡಿದ್ದು. ಹಣ್ಣು ಉದುರಿದ್ದು ಆಕಸ್ಮಿಕ, ಅದು ಸತ್ಯ. ಆಮೇಲೆ ಆ ಜಾಗ ಒರಟಾಗಿ ಕಂಡಿತು. ನೀವು ಬೈಯುತ್ತೀರಿ ಅನ್ನುವ ಹೆದರಿಕೆಗೆ, ಹಲ್ಲುಸೆಟ್ಟು ನಯ ಮಾಡುವ ಸಣ್ಣ ರಬ್ಬರು ಚಕ್ರದಿಂದ ಗುಂಡಗೆ ಉಜ್ಜಿದೆ. ಹೊಳಪು ಕಾಣಬಾರದು ಅಂತ ಚೂರು ಗಂಧಕ ತಾಗಿಸಿ ಕಪ್ಪು ಮಾಡಿದೆ. ಎಷ್ಟು ಚೆನ್ನಾಗಿ ಮಾಡಿದೆನೆಂದರೆ ನಿಮ್ಮಂಥವರ ಕಣ್ಣಿಗೇ ಸಿಗಲಿಲ್ಲ. ಕೈಚಳಕದ ಬಗ್ಗೆ ಒಳಗೊಳಗೇ ಸ್ವಲ್ಪ ಹೆಮ್ಮೆಯೂ ಆಯಿತು, ಹಾಳಾದ್ದು. ಮೇಷ್ಟ್ರ ಹಲ್ಲುಸೆಟ್ಟಿನ ತಂತಿಯ ಮೇಲೂ ಅದೇ ಚಕ್ರದ ಸುತ್ತುಗೆರೆ ಇದೆ. ಅವರು ದಿನಾ ಬೆಳಿಗ್ಗೆ ಅದನ್ನು ತೊಳೆಯುತ್ತಾರೆ, ಆ ಗೆರೆ ಅವರಿಗೆ ಪಾಠವಾಗಿದೆ. ಅವರಿಗೆ ಗೊತ್ತಾದದ್ದು ಹಾಗೆ.

ಈಗ ಮೇಣ ಬಿಚ್ಚಿ. ಬಿಳಿ ಹಾಳೆಯ ಮೇಲಿಟ್ಟು, ಬೆರಳಲ್ಲಿ ಬೆಚ್ಚಗೆ ಮಾಡಿ ನಿಧಾನ ಬಿಚ್ಚಿ. ಫ್ಯಾನು ಆರಿಸಿ, ಸೀನಬೇಡಿ. ನಡುವೆ ಸಾಸಿವೆಯ ಕಾಲು ಭಾಗದಷ್ಟು ಕಪ್ಪು ಚುಕ್ಕೆ ಕಾಣುತ್ತದೆ. ಅದೇ ನಾಲ್ಕನೆಯ ಹಣ್ಣು. ಎಸೆಯಲು ಮನಸ್ಸು ಬರದೆ ನಾಲ್ಕು ವರ್ಷದಿಂದ ಇಟ್ಟುಕೊಂಡಿದ್ದೇನೆ. ಭಾನುವಾರ ಅದನ್ನು ಬಳಗಕ್ಕೆ ತೋರಿಸಿ, ಸಾಕ್ಷಿಗೆ ಅಷ್ಟು ಸಾಕು. ಪೆನ್ನಿಯ ಮೇಲೆ ಕೂರಿಸಲು ಮಾತ್ರ ಹೋಗಬೇಡಿ, ಕೂರುವುದಿಲ್ಲ. ಅದು ಕೂರುವ ಜಾಗವನ್ನು ನಾನೇ ಉಜ್ಜಿ ಹಾಕಿದ್ದೇನೆ.