ಗೊಣಗುವ ಜಾಡಿ

ಅಪ್ಪನಿಗೆ ನಮಸ್ಕಾರ.

ಹರಿದು ಹಾಕುವ ಮುಂಚೆ ಒಮ್ಮೆ ಓದಿ. ಇದು ನನ್ನ ಮದುವೆಯ ವಿಷಯವಲ್ಲ, ಸೇಬಿನ ವಿಷಯ.

ಮನೆ ಬಿಟ್ಟು ಬರುವಾಗ ಸೇಬಿನ ರಸ ಹುದುಗಿಸಿ ಸೈಡರ್ ಮಾಡುವ ನಿಮ್ಮ ಚೀಟಿಯನ್ನು ಕದ್ದುಕೊಂಡು ಬಂದಿದ್ದೆ. ಮೊದಲ ಸಲ ಬಾಟಲಿಯ ಮುಚ್ಚಳವನ್ನು ಬಿಗಿಯಾಗಿ ತಿರುಗಿಸಿಬಿಟ್ಟೆ. ಅದು ಸಿಡಿದು ಅಡುಗೆಮನೆಯ ಸೂರಿನವರೆಗೂ ಸೇಬಿನ ರಸ. ಇವರೇ ಏಣಿ ಹಾಕಿ ಒರೆಸಿದರು.

ಎರಡನೆಯ ಸಲ ಹುದುಗು ಚೆನ್ನಾಗಿಯೇ ಹಿಡಿಯಿತು. ಆದರೆ ‘ಒಂದು ಚಿಟಿಕೆ ಚಕ್ಕೆ ಪುಡಿ’ ಎಂದು ಬರೆದಿದ್ದೀರಲ್ಲ, ಅದು ಯಾರ ಚಿಟಿಕೆ? ನಾನು ಹಾಕಿದ್ದು ನಾಲಿಗೆಗೆ ತಾಗಲೇ ಇಲ್ಲ. ಆಮೇಲೆ ಹೊಳೆಯಿತು: ನಲವತ್ತು ವರ್ಷ ಕಲ್ಲು ಕೆತ್ತಿದ ನಿಮ್ಮ ಬೆರಳುಗಳ ಚಿಟಿಕೆ ಎಂದರೆ ನನ್ನ ಅರ್ಧ ಹಿಡಿ.

ಈಗ ಮೂರನೆಯದು. ಜಾಡಿ ಮೂಲೆಯಲ್ಲಿ ಕೂತು, ಯಾರಿಗೂ ಮುಖ ಕೊಡದೆ, ದಿನವಿಡೀ ಗುಳುಗುಳು ಗೊಣಗುತ್ತಿತ್ತು. ಇವರು ಅದಕ್ಕೆ ‘ಮಾವ’ ಎಂದು ಹೆಸರಿಟ್ಟಿದ್ದಾರೆ. “ಮಾವ ಇವತ್ತು ಏನಂತಾರೆ?” ಅಂತ ಕೇಳದೆ ಕೆಲಸಕ್ಕೇ ಹೋಗಲ್ಲ. ಸಿಟ್ಟಾಗಬೇಡಿ, ಪ್ರೀತಿಯಿಂದಲೇ ಕೇಳುವುದು.

ಗೊಣಗುವುದು ನಿಂತ ಮೇಲೆ ಚಕ್ಕೆ ಹಾಕಬೇಕು ಎಂದು ಚೀಟಿಯಲ್ಲಿದೆ. ನನ್ನ ಕೈಯ ಮೇಲೆ ನನಗೆ ನಂಬಿಕೆಯಿಲ್ಲ. ಭಾನುವಾರ ಬಂದು ನೀವೇ ಒಂದು ಚಿಟಿಕೆ ಹಾಕಿ. ಏನೂ ತರಬೇಡಿ, ಆ ಕೈಯೊಂದು ಸಾಕು.

ಜಾಡಿಯ ಗೊಣಗಾಟ ನಿಂತು ನಾಲ್ಕು ದಿನವಾಯಿತು. ನಿಮ್ಮದು?

ಇಂತಿ,
ಚೀಟಿಗಳ್ಳಿ ಮಗಳು