ಮೊದಲ ದೀಪ ಹಚ್ಚಿದವನು

ಸಿರ್ಮಿಯಂ
ಅಕ್ಟೋಬರ್ ಮೊದಲ ದಿನಕ್ಕೆ ಐದು ದಿನ ಮುಂಚೆ

ಪ್ರಿಯ ದಿಜೋ,

ನೀನು ಹೇಳಿಕಳಿಸಿದ ಸುದ್ದಿ ತಲುಪಿ ಒಂದು ಬೇಸಿಗೆಯೇ ಕಳೆಯಿತು. ಉತ್ತರ ಬರೆಯಲು ನಾಲ್ಕು ಸಲ ಕೂತೆ, ನಾಲ್ಕು ಸಲ ಎದ್ದೆ. ಕ್ಷಮಿಸು. ಆಲ್ಮಾ ಬೆಟ್ಟದ ಕಲ್ಲುಗಣಿಯಲ್ಲಿ ಕೆಮ್ಮು ಕಡಿಮೆಯಾಗಿದೆ ಎಂದಿದ್ದೀಯ. ನಂಬಲು ಪ್ರಯತ್ನಿಸುತ್ತಿದ್ದೇನೆ. ಬಂಡಿಯವನ ಕೈಯಲ್ಲಿ ಹೊಗೆಗೆ ಒಣಗಿಸಿದ ಹಂದಿಮಾಂಸ, ಉಣ್ಣೆಯ ಕಾಲುಚೀಲ ಕಳಿಸಿದ್ದೇನೆ. ನಿನ್ನ ಹೆಂಡತಿ ಅಮ್ಮಿಯಾ ದ್ರಾಕ್ಷಿ ಕೊಯ್ಲಿಗೆ ಹೋಗುತ್ತಾಳೆ. ಕಂಡರೆ ಈಗಲೂ ನನ್ನನ್ನು ಮಾತಾಡಿಸುತ್ತಾಳೆ. ಅದು ಅವಳ ದೊಡ್ಡತನ.

ನಾನು ಬದುಕಿದ್ದೇನೆ. ಬೆಳಗ್ಗೆ ರೊಟ್ಟಿ ಮುರಿಯುವಾಗ ಇದು ನೀನು ಕೊಟ್ಟದ್ದು ಎಂದು ನೆನಪಾಗುತ್ತದೆ. ದಿನವೂ ಅಲ್ಲ, ಆದರೆ ಹೆಚ್ಚಿನ ದಿನ.

ಪಶ್ಚಿಮದ ಹಿರಿಯ ದೊರೆ ಸತ್ತ ವರ್ಷ ನೀನು ಪಟಶಾಲೆಯ ಗೋಡೆಗೆ ಸಾಮ್ರಾಜ್ಯದ ನಾಲ್ವರು ದೊರೆಗಳ, ಇಬ್ಬರು ಹಿರಿಯರು ಇಬ್ಬರು ಕಿರಿಯರ, ಮುಖ ಬರೆಯುತ್ತ ಏಣಿಯ ಮೇಲಿದ್ದೆ. ನಿಯಮದ ಪ್ರಕಾರ ಅಲ್ಲಿಯ ಕಿರಿಯ ದೊರೆ ಅವನ ಜಾಗಕ್ಕೆ ಏರಬೇಕಿತ್ತು. ಸೈನ್ಯ ಸತ್ತವನ ಮಗನನ್ನು ಎತ್ತಿ ಕೂರಿಸಿತು. ಹಾಗೆ ಬಂದ ಹೊಸಬನ ಪಟವನ್ನು ಪೂರ್ವದ ನಮ್ಮ ಹಿರಿಯ ದೊರೆ ಮೊದಲು ಒಪ್ಪಬೇಕು, ಆಮೇಲಷ್ಟೇ ಊರು ದೀಪ ಹಿಡಿದು ಎದುರುಗೊಳ್ಳಬೇಕು. ಪಟ ಬಂದದ್ದು ಸರ್ಕಾರಿ ಕುದುರೆಗಳ ಮೇಲೆ. ಒಪ್ಪಿಗೆ ಸಿಕ್ಕಿರಲೇಬೇಕು ಎಂದುಕೊಂಡು ಪಟಶಾಲೆಯ ಪಾಲಕನಾದ ನಾನು ದೀಪ ಹಚ್ಚಿಬಿಟ್ಟೆ. ನೀನು ಗೋಡೆಯ ಸಾಲಿನಲ್ಲಿ ಜಾಗ ಹುಡುಕುತ್ತ, ಗಡ್ಡ ಸ್ವಲ್ಪ ಆಚೀಚೆ ಮಾಡಿದರೆ ಹಳೆಯ ದೊರೆಯೇ ಹೊಸ ದೊರೆಯಾಗುತ್ತಾನೆ ಎಂದು ನಗಿಸಿದ್ದೆ.

ಎಂಟನೆಯ ದಿನ ಹಿರಿಯ ದೊರೆಯ ನಿರಾಕರಣೆ ಬಂತು, ಹಿಂದೆಯೇ ವಿಚಾರಣಾಧಿಕಾರಿಯೂ ಬಂದ. ಮೊದಲ ದೀಪ ಯಾರು ಹಚ್ಚಿದ್ದು ಎಂದು ಕೇಳಿದ. ನನ್ನ ನಾಲಿಗೆ ಒಣಗಿತ್ತು. ನೀನು ಕುಂಚ ಒರೆಸುತ್ತ ಹೇಳಿದೆ:

"ನಾನೇ ಸ್ವಾಮಿ. ಬಣ್ಣ ಒಣಗಿದ್ಯಾ ಅಂತ ನೋಡೋಕೆ ಬೆಳಕು ಬೇಕಿತ್ತು."

ಅಧಿಕಾರಿಯೂ ಅವನ ಕಾವಲಿನವರೂ ನಕ್ಕರು. ನಗುತ್ತಲೇ ನಿನ್ನ ಕೈ ಕಟ್ಟಿದರು. ಬಾಗಿಲಲ್ಲಿ ನೀನು ನನ್ನ ಕಿವಿಯ ಹತ್ತಿರ, "ನಿಂಗೆ ನಾಲ್ಕು ಮಕ್ಕಳಿದಾವೆ ಕಣೋ. ನಂಗಿರೋದು ನಾಲ್ಕು ದೊರೆಗಳು ಮಾತ್ರ" ಎಂದೆ.

ಆ ನಾಲ್ವರು ಮಕ್ಕಳೂ ಚೆನ್ನಾಗಿದ್ದಾರೆ. ಕಿರಿಯವಳು ಗೋಡೆಯ ಮೇಲೆಲ್ಲ ಇದ್ದಿಲಿನಲ್ಲಿ ಗಡ್ಡ ಬರೆಯುತ್ತಾಳೆ, ಅಳಿಸಲು ನಾನು ಬಿಡುವುದಿಲ್ಲ. ದೊರೆಗಳು ಈ ವಸಂತದಲ್ಲಿ ರಾಜಿಯಾದರು. ಹೊಸಬ ಈಗ ಸಾಲಿನಲ್ಲಿ ಕೊನೆಯ ಕಿರಿಯ ದೊರೆ. ನೀನು ಅರ್ಧಕ್ಕೆ ಬಿಟ್ಟ ಅವನ ಮುಖವನ್ನು ಬೇರೆ ಯಾರೋ ಮುಗಿಸಿದರು. ಕಣ್ಣು ಸರಿ ಬಂದಿಲ್ಲ.

ಸಿಲ್ವಾನಸ್ ದೇವರು ನಿನ್ನ ಎದೆಯನ್ನೂ ಕೈಗಳನ್ನೂ ಕಾಯಲಿ. ನಿನ್ನ ಋಣದಲ್ಲಿರುವುದು ನನಗೆ ಭಾರವೆನಿಸಿಲ್ಲ.

ನಿನ್ನ
ವೆರೆಕುಂದಸ್

ಮರೆತ ಮಾತು: ರಾಜಿಯ ನಂತರ ಅದೇ ಅಧಿಕಾರಿ ಬಂದು ಅದೇ ಪ್ರಶ್ನೆ ಕೇಳಿದ. ಈ ಸಲ ಶಿಕ್ಷೆಯಲ್ಲ, ಮೊದಲ ದೀಪ ಹಚ್ಚಿದವನಿಗೆ ನಗರಸಭೆಯಲ್ಲಿ ಗೌರವದ ಪೀಠ. ಅವನು ಶಿಕ್ಷೆಯಲ್ಲಿದ್ದರೆ ಬಿಡುಗಡೆ. ನಾಲಿಗೆ ಒಣಗಲಿಲ್ಲ. "ನಾನೇ ಸ್ವಾಮಿ" ಎಂದೆ. ನಿಜವನ್ನೇ ಹೇಳಿದ್ದು. ಕಂಡವರು ಸಾಕ್ಷಿ ನುಡಿದರು. ಹಾಗಾಗಿ ನೀನು ಸುಳ್ಳು ಸಾಕ್ಷಿ ಹೇಳಿದವನೆನಿಸಿಕೊಂಡು ಗಣಿಯಲ್ಲೇ ಉಳಿದೆ. ನಾನು ನಾಲ್ಕು ತಿಂಗಳಿಂದ ಆ ಪೀಠದ ಮೇಲೆ ಕೂರುತ್ತಿದ್ದೇನೆ.

ಜೊತೆಗಿನ ಚೀಟಿಯಲ್ಲಿ, ದೀಪ ಹಚ್ಚಿದವನು ದಿಜೋ, ಪೀಠದ ಆಸೆಗೆ ನಾನೂ ನನ್ನ ಸಾಕ್ಷಿಗಳೂ ಸುಳ್ಳು ಹೇಳಿದೆವು ಎಂದು ಬರೆದು ಮುದ್ರೆ ಒತ್ತಿದ್ದೇನೆ. ಗಣಿಯ ಮೇಲ್ವಿಚಾರಕನಿಗೆ ಕೊಡು. ಅವರು ನನ್ನನ್ನು ಅದೇ ಗಣಿಗೆ ಕರೆದೊಯ್ಯಲು ಬರುತ್ತಾರೆ. ನೀನು ಹೊರಡುವಾಗ ಕಾಲುಚೀಲ ಅಲ್ಲೇ ಬಿಟ್ಟು ಬಾ.